ಒಂದು ವಸ್ತು, ಹತ್ತು ಹೆಸರು

ಅಂಗಡಿಗೆ ಹೋಗಿ ‘ಸೋಡ ಕೊಡಿ’ ಎಂದು ಕೇಳಿ ನೋಡಿ. ಸಂಜೆ ಹೊತ್ತಿನ ಪೆಟ್ಟಿಗೆ ಅಂಗಡಿಯಾದರೆ ಗೋಲಿ ಸೋಡದ ಬಾಟಲಿ ಕೈಗೆ ಬರುತ್ತದೆ. ದಿನಸಿ ಅಂಗಡಿಯಾದರೆ ಬೋಂಡದ ಹಿಟ್ಟಿಗೆ ಹಾಕುವ ಅಡುಗೆ ಸೋಡದ ಪೊಟ್ಟಣ. ಬಟ್ಟೆ ಒಗೆಯುವವರು ಕೇಳಿದರೆ ವಾಷಿಂಗ್ ಸೋಡ. ಸಾಬೂನು ತಯಾರಿಸುವವರು ಕೇಳುವುದು ಕಾಸ್ಟಿಕ್ ಸೋಡ. ಮೊದಲನೆಯದು ಇಂಗಾಲದ ಡೈಆಕ್ಸೈಡ್ ಅನಿಲವನ್ನು ಒತ್ತಿ ತುಂಬಿದ ನೀರು. ಎರಡನೆಯದು ಸೋಡಿಯಂ ಬೈಕಾರ್ಬೊನೇಟ್, ಮೂರನೆಯದು ಸೋಡಿಯಂ ಕಾರ್ಬೊನೇಟ್, ನಾಲ್ಕನೆಯದು ಸೋಡಿಯಂ ಹೈಡ್ರಾಕ್ಸೈಡ್. ಈ ಕೊನೆಯದು ಚರ್ಮವನ್ನು ಸುಡುತ್ತದೆ. ಕಣ್ಣಿಗೆ ಸಿಡಿದರೆ ದೃಷ್ಟಿಯನ್ನೇ ಕಳೆದೀತು. ಹೆಸರು ಒಂದು, ವಸ್ತುಗಳು ನಾಲ್ಕು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಉಂಟು. ಮಲೆನಾಡಿನಲ್ಲಿ ಮಳೆಗಾಲ ಹಿಡಿಯುವ ಮುನ್ನ ಅಡಿಕೆ ತೋಟಗಳಲ್ಲಿ ಬೋರ್ಡೋ ದ್ರಾವಣ ಸಿಂಪಡಿಸುವ ಗಡಿಬಿಡಿ. ಕೊಳೆರೋಗ ತಡೆಯಲು 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ಬೆಳೆಗಾರರಿಗೆಲ್ಲ ಬಾಯಿಪಾಠ. ತೋಟದಲ್ಲಿ ಅಪ್ಪ ಮೈಲುತುತ್ತ ಎನ್ನುವುದನ್ನು ಅಂಗಡಿಯ ಚೀಲದ ಮೇಲೆ ಕಾಪರ್ ಸಲ್ಫೇಟ್ ಎಂದು ಬರೆದಿರುತ್ತದೆ. ಕಾಲೇಜಿನ ಪ್ರಯೋಗಾಲಯದ ಸೀಸೆಯ ಮೇಲೆ ಕ್ಯೂಪ್ರಿಕ್ ಸಲ್ಫೇಟ್, ಹಳೆಯ ಪುಸ್ತಕದಲ್ಲಿ ನೀಲಿ ವಿಟ್ರಿಯಾಲ್, ಹೊಸ ಪುಸ್ತಕದಲ್ಲಿ ಕಾಪರ್ (2) ಸಲ್ಫೇಟ್ ಪೆಂಟಾಹೈಡ್ರೇಟ್. ಇಲ್ಲಿ ವಸ್ತು ಒಂದು, ಹೆಸರುಗಳು ಐದು.

ಮನುಷ್ಯರು ಈ ಗೊಂದಲವನ್ನು ಹೇಗೋ ನಿಭಾಯಿಸುತ್ತಾರೆ. ಅಂಗಡಿಯವರು ಗಿರಾಕಿಯ ಮುಖ ನೋಡಿ, ‘ಅಡುಗೆಗೋ, ಬಟ್ಟೆಗೋ?’ ಎಂದು ಕೇಳುತ್ತಾರೆ. ಕಂಪ್ಯೂಟರಿಗೆ ಆ ವ್ಯವಹಾರಜ್ಞಾನ ಇಲ್ಲ. ಅದಕ್ಕೆ ಮೈಲುತುತ್ತವೂ ಕಾಪರ್ ಸಲ್ಫೇಟೂ ಎರಡು ಬೇರೆ ಅಕ್ಷರಮಾಲೆಗಳು, ಅಷ್ಟೆ. ಇಂದು ಜಗತ್ತಿನ ಪ್ರಯೋಗಾಲಯಗಳು ಕೋಟಿಗಟ್ಟಲೆ ರಾಸಾಯನಿಕಗಳ ಮಾಹಿತಿಯನ್ನು ಅಂತರಜಾಲದಲ್ಲಿ ಇಟ್ಟಿವೆ. ಒಂದು ಕಡೆ ಕುದಿಯುವ ಬಿಂದು, ಇನ್ನೊಂದು ಕಡೆ ವಿಷದ ಪ್ರಮಾಣ, ಮತ್ತೊಂದು ಕಡೆ ಔಷಧ ಗುಣ. ಇವನ್ನೆಲ್ಲ ಒಂದೇ ಸಾಲಿನಲ್ಲಿ ತಂದು ಓದಬೇಕಾದರೆ, ಮೂರು ಕಡೆಯೂ ಮಾತಾಡುತ್ತಿರುವುದು ಒಂದೇ ವಸ್ತುವಿನ ಬಗ್ಗೆ ಎಂದು ಯಂತ್ರಕ್ಕೆ ಗೊತ್ತಾಗಬೇಕು. ಅದಕ್ಕೆ ಬೇಕಾದದ್ದು ಎಲ್ಲರೂ ಒಪ್ಪಿಕೊಂಡ ಒಂದು ಪದಕೋಶ.

ಬೆಣ್ಣೆಯಲ್ಲದ ಬೆಣ್ಣೆ

ಈ ತೊಂದರೆ ಕಂಪ್ಯೂಟರಿನ ಜೊತೆ ಹುಟ್ಟಿದ್ದಲ್ಲ. 18ನೆಯ ಶತಮಾನದ ಯುರೋಪಿನಲ್ಲಿ ರಸಾಯನ ವಿಜ್ಞಾನ ಕಲಿಯುವವರು ‘ಸೀಸದ ಸಕ್ಕರೆ’, ‘ಆಂಟಿಮನಿ ಬೆಣ್ಣೆ’, ‘ವಿಟ್ರಿಯಾಲ್ ಎಣ್ಣೆ’ ಎಂಬಂಥ ಹೆಸರುಗಳನ್ನು ಉರು ಹೊಡೆಯಬೇಕಿತ್ತು. ಸೀಸದ ಸಕ್ಕರೆ ರುಚಿಗೆ ಸಿಹಿ, ಆದರೆ ವಿಷ. ಅದು ಲೆಡ್ ಅಸಿಟೇಟ್. ಆಂಟಿಮನಿ ಬೆಣ್ಣೆ ಬೆಣ್ಣೆಯಲ್ಲ, ಆಂಟಿಮನಿ ಟ್ರೈಕ್ಲೋರೈಡ್. ವಿಟ್ರಿಯಾಲ್ ಎಣ್ಣೆ ಎಂದರೆ ಗಂಧಕಾಮ್ಲ. ಹೆಸರು ಕೇಳಿದರೆ ಒಳಗೆ ಏನಿದೆ ಎಂಬುದರ ಸುಳಿವೇ ಸಿಗುತ್ತಿರಲಿಲ್ಲ.

1787ರಲ್ಲಿ ಫ್ರಾನ್ಸಿನ ಗೀಟನ್ ದ ಮೊರ್ವೊ, ಲವಾಸಿಯೆ, ಬರ್ತೊಲೆ ಮತ್ತು ಫೂರ್‌ಕ್ರ್ವಾ ಎಂಬ ನಾಲ್ವರು ಸೇರಿ ಹೊಸ ನಾಮಕರಣ ಪದ್ಧತಿಯೊಂದನ್ನು ಪ್ರಕಟಿಸಿದರು. ವಸ್ತುವಿನಲ್ಲಿ ಏನೇನು ಇದೆಯೋ ಅದನ್ನೇ ಹೆಸರು ಹೇಳಬೇಕು ಎಂಬುದು ಅವರ ಸೂತ್ರ. ಇಂದು ಎಂಟನೆಯ ತರಗತಿಯ ಮಕ್ಕಳೂ ಬಳಸುವ ಸಲ್ಫೇಟ್, ಸಲ್ಫೈಟ್‌ಗಳ ‘ಏಟ್’ ಮತ್ತು ‘ಐಟ್’ ಎಂಬ ಬಾಲಗಳು ಆ ಪದ್ಧತಿಯಿಂದಲೇ ಬಂದವು.

ಹೆಸರು ಸರಿಹೋದರೂ ಸೂತ್ರಗಳು ಸರಿಹೋಗಲಿಲ್ಲ. ಪರಮಾಣು ತೂಕಗಳ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ನೀರಿಗೆ ಕೆಲವರು ಎಚ್2ಓ ಎಂದು ಬರೆದರೆ ಕೆಲವರು ಎಚ್‌ಓ ಎಂದು ಬರೆಯುತ್ತಿದ್ದರು. ಜರ್ಮನಿಯ ಕೆಕುಲೆ 1861ರ ತಮ್ಮ ಪಠ್ಯಪುಸ್ತಕದಲ್ಲಿ ವಿನಿಗರ್‌ನಲ್ಲಿರುವ ಅಸಿಟಿಕ್ ಆಮ್ಲಕ್ಕೆ ಆಗ ಚಾಲ್ತಿಯಲ್ಲಿದ್ದ 19 ಬೇರೆ ಬೇರೆ ಸೂತ್ರಗಳನ್ನು ಪಟ್ಟಿ ಮಾಡಿ ತೋರಿಸಿದ್ದರು.

ಇದನ್ನು ಬಗೆಹರಿಸಲೆಂದೇ 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ನಗರದಲ್ಲಿ ರಸಾಯನ ವಿಜ್ಞಾನಿಗಳು ಮೂರು ದಿನ ಸಭೆ ಸೇರಿದ್ದರು. ಸಭೆಯಲ್ಲಿ ತೀರ್ಮಾನವೇನೂ ಆಗಲಿಲ್ಲ. ಆದರೆ ಮುಗಿಯುವ ಹೊತ್ತಿಗೆ ಇಟಲಿಯ ಕನಿಜಾರೊ ಬರೆದ ಒಂದು ಕಿರುಹೊತ್ತಗೆಯನ್ನು ಎಲ್ಲರಿಗೂ ಹಂಚಲಾಯಿತು. ಪರಮಾಣು ತೂಕ ನಿರ್ಧರಿಸುವ ಒಂದೇ ಕ್ರಮ ಅದರಲ್ಲಿತ್ತು. ಅದನ್ನು ಊರಿಗೆ ಒಯ್ದು ಓದಿದವರಲ್ಲಿ ಲೋಥರ್ ಮೇಯರ್ ಒಬ್ಬರು, ರಷ್ಯಾದ ಯುವಕ ಮೆಂಡಲೀವ್ ಇನ್ನೊಬ್ಬರು. ಎಲ್ಲ ಧಾತುಗಳಿಗೂ ಒಂದೇ ಅಳತೆಯ ತೂಕ ಸಿಕ್ಕಿದ ಮೇಲೆ ಅವನ್ನು ಸಾಲಾಗಿ ಜೋಡಿಸುವುದು ಸಾಧ್ಯವಾಯಿತು. 1869ರಲ್ಲಿ ಮೆಂಡಲೀವರ ಆವರ್ತ ಕೋಷ್ಟಕ ಬಂತು. ಅದರ ಹಿಂದಿನ ಮಾಹಿತಿಯ ಬಹುಭಾಗ ಮೊದಲೇ ಇತ್ತು. ಅದನ್ನು ಒಂದೇ ಭಾಷೆಗೆ ತರದೆ ಅದರೊಳಗಿನ ಕ್ರಮ ಯಾರಿಗೂ ಕಂಡಿರಲಿಲ್ಲ.

ರೋಲ್ ನಂಬರು ಮತ್ತು ಬೆರಳಚ್ಚು

20ನೆಯ ಶತಮಾನದಲ್ಲಿ ಹೊಸ ಸಂಯುಕ್ತಗಳ ಪ್ರವಾಹವೇ ಹರಿಯಿತು. 1919ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ರಸಾಯನ ವಿಜ್ಞಾನ ಒಕ್ಕೂಟ ಹೆಸರಿಡುವ ನಿಯಮಗಳನ್ನು ರೂಪಿಸುತ್ತ ಬಂತು. ಆದರೆ ದೊಡ್ಡ ಅಣುಗಳ ಹೆಸರುಗಳು ಮಾರುದ್ದವಾದವು. ಒಂದು ಅಡ್ಡಗೆರೆ ತಪ್ಪಿದರೆ ಬೇರೆಯೇ ವಸ್ತು. ಆಗ ಅಮೆರಿಕನ್ ಕೆಮಿಕಲ್ ಸೊಸೈಟಿಯ ಅಂಗವಾದ ಕೆಮಿಕಲ್ ಆಬ್‌ಸ್ಟ್ರಾಕ್ಟ್ಸ್ ಸರ್ವೀಸ್ ಒಂದು ಉಪಾಯ ಮಾಡಿತು. ಶಾಲೆಯಲ್ಲಿ ಮಕ್ಕಳಿಗೆ ರೋಲ್ ನಂಬರು ಕೊಡುವಂತೆ ಪ್ರತಿ ವಸ್ತುವಿಗೂ ಒಂದು ನೋಂದಣಿ ಸಂಖ್ಯೆ ಕೊಡುವ ಕೆಲಸವನ್ನು 1965ರಲ್ಲಿ ಆರಂಭಿಸಿತು. ಇದೇ ‘ಕಾಸ್ ಸಂಖ್ಯೆ’. ಪ್ರಯೋಗಾಲಯದ ಸೀಸೆಗಳ ಚೀಟಿಯ ಮೇಲೆ ವಿದ್ಯಾರ್ಥಿಗಳು ಇದನ್ನು ನೋಡಿರಬಹುದು. ಇಂದು ಈ ದಾಖಲೆಯಲ್ಲಿ 20 ಕೋಟಿಗೂ ಹೆಚ್ಚು ವಸ್ತುಗಳಿವೆ.

ನೀರಿನ ಕಾಸ್ ಸಂಖ್ಯೆ 7732-18-5. ಕೊನೆಯ 5 ಬರೆದವರ ಕೈತಪ್ಪನ್ನು ಹಿಡಿಯುವ ಕಾವಲುಗಾರ. ಅದನ್ನು ಬಿಟ್ಟು ಉಳಿದ ಅಂಕಿಗಳನ್ನು ಬಲದಿಂದ ಎಡಕ್ಕೆ ಕ್ರಮವಾಗಿ 1, 2, 3, 4, 5, 6ರಿಂದ ಗುಣಿಸಿ ಕೂಡಿಸಬೇಕು. 8, 2, 6, 12, 35, 42 ಸೇರಿ 105. ಅದರ ಬಿಡಿ ಸ್ಥಾನದಲ್ಲಿರುವ 5 ಕೊನೆಯ ಅಂಕಿಗೆ ಸರಿಹೊಂದಿತು. ಅಡುಗೆ ಸೋಡದ ಸಂಖ್ಯೆ 144-55-8. ಇದನ್ನು ಮಕ್ಕಳೇ ಲೆಕ್ಕ ಹಾಕಿ ನೋಡಬಹುದು.

ರೋಲ್ ನಂಬರಿಗೆ ಒಂದು ಮಿತಿ ಇದೆ. ಕಚೇರಿ ಕೊಟ್ಟ ಮೇಲೆಯೇ ಅದು ಸಿಗುವುದು. ನಂಬರು ನೋಡಿ ಹುಡುಗ ಎಂಥವನೆಂದು ಹೇಳಲಾಗದು. ವಸ್ತುವಿನ ರಚನೆಯಿಂದಲೇ ಗುರುತು ಹುಟ್ಟಿಸಲು ಸಾಧ್ಯವೇ? ಅಣುಸೂತ್ರವೊಂದೇ ಇದಕ್ಕೆ ಸಾಲದು. ಎಥನಾಲ್, ಅಂದರೆ ಸಾರಾಯಿಯಲ್ಲಿರುವ ಆಲ್ಕೊಹಾಲ್, 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ದ್ರವ. ಡೈಮಿಥೈಲ್ ಈಥರ್ ನಮ್ಮ ಕೋಣೆಯ ಉಷ್ಣತೆಯಲ್ಲಿ ಅನಿಲ. ಎರಡರ ಅಣುಸೂತ್ರವೂ ಸಿ2ಎಚ್6ಓ. ಪರಮಾಣುಗಳು ಅವೇ, ಕೈಹಿಡಿದ ಕ್ರಮ ಬೇರೆ.

ಆದ್ದರಿಂದ ರಸಾಯನ ವಿಜ್ಞಾನ ಒಕ್ಕೂಟವು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಜೊತೆ ಸೇರಿ ‘ಇಂಚಿ’ ಎಂಬ ಗುರುತನ್ನು ರೂಪಿಸಿತು. 2005ರಲ್ಲಿ ಅದು ಬಳಕೆಗೆ ಬಂತು. ಅದರ ಮೊದಲ ಭಾಗ ಅಣುಸೂತ್ರ, ಮುಂದಿನ ಭಾಗ ಯಾವ ಪರಮಾಣು ಯಾವುದಕ್ಕೆ ಅಂಟಿಕೊಂಡಿದೆ ಎಂಬುದು, ಅದರ ಮುಂದೆ ಹೈಡ್ರೋಜನ್‌ಗಳ ಜಾಗ. ನಿಯಮ ಎಲ್ಲರಿಗೂ ಒಂದೇ. ಅಣುವಿನ ಚಿತ್ರವನ್ನು ಮೈಸೂರಿನಲ್ಲಿ ಬರೆದು ಕಂಪ್ಯೂಟರಿಗೆ ಕೊಟ್ಟರೂ ಟೋಕಿಯೋದಲ್ಲಿ ಕೊಟ್ಟರೂ ಒಂದೇ ಇಂಚಿ ಹೊರಬರುತ್ತದೆ. ಅದನ್ನು ಅಡಕಗೊಳಿಸಿ 27 ಅಕ್ಷರ-ಚಿಹ್ನೆಗಳ ‘ಇಂಚಿ ಕೀಲಿ’ಯನ್ನೂ ಮಾಡಲಾಗಿದೆ. ಕಾಸ್ ಸಂಖ್ಯೆ ರೋಲ್ ನಂಬರಾದರೆ ಇದನ್ನು ಬೆರಳಚ್ಚು ಎನ್ನಬಹುದು.

ನೀಲಿಯೋ ಬಿಳಿಯೋ?

ಗುರುತು ಇಷ್ಟು ಖಚಿತವಾಗಿರಬೇಕೆ ಎಂದು ಕೇಳುವವರಿಗೆ ಮೈಲುತುತ್ತವೇ ಉತ್ತರ. ಪ್ರಯೋಗಾಲಯದಲ್ಲಿ ನೀಲಿ ಹರಳನ್ನು ಪ್ರನಾಳದಲ್ಲಿ ಹಾಕಿ ಕಾಯಿಸಿದರೆ ಅದು ನೀರು ಬಿಟ್ಟು ಬಿಳಿ ಪುಡಿಯಾಗುತ್ತದೆ. ಒಂದು ಹನಿ ನೀರು ಹಾಕಿದರೆ ಮತ್ತೆ ನೀಲಿ. ಎರಡನ್ನೂ ಜನ ಕಾಪರ್ ಸಲ್ಫೇಟ್ ಎಂದೇ ಕರೆಯುತ್ತಾರೆ. ಆದರೆ ನೀಲಿ ಹರಳಿನ ಅಣುತೂಕ ಸುಮಾರು 249.7, ಬಿಳಿ ಪುಡಿಯದು 159.6. ಒಂದು ಕಿಲೋ ನೀಲಿ ಹರಳಿನಲ್ಲಿ ತಾಮ್ರ ಸುಮಾರು 254 ಗ್ರಾಂ, ಒಂದು ಕಿಲೋ ಬಿಳಿ ಪುಡಿಯಲ್ಲಿ 398 ಗ್ರಾಂ. ಒಂದೂವರೆ ಪಟ್ಟಿಗೂ ಹೆಚ್ಚು.

ಈಗ ಮೂರು ಪ್ರಯೋಗಾಲಯಗಳು, ಎಷ್ಟು ಕಾಪರ್ ಸಲ್ಫೇಟ್ ಕೆರೆಗೆ ಸೇರಿದರೆ ಮೀನುಗಳಿಗೆ ಅಪಾಯ ಎಂದು ಅಳೆದವು ಎಂದುಕೊಳ್ಳಿ. ಒಂದು ನೀಲಿ ಹರಳಿನ ತೂಕ ಬರೆಯಿತು, ಇನ್ನೊಂದು ಬಿಳಿ ಪುಡಿಯದು, ಮೂರನೆಯದು ಬರೀ ತಾಮ್ರದ ತೂಕ. ತಾಮ್ರ 1 ಮಿಲಿಗ್ರಾಂ ಎಂದರೆ ನೀಲಿ ಹರಳು ಹೆಚ್ಚುಕಡಿಮೆ 4 ಮಿಲಿಗ್ರಾಂ. ಮೂರೂ ಕಡೆ ಶೀರ್ಷಿಕೆ ಮಾತ್ರ ‘ಕಾಪರ್ ಸಲ್ಫೇಟ್’. ಕಂಪ್ಯೂಟರು ಇವನ್ನು ಒಂದೇ ಪಟ್ಟಿಗೆ ಸೇರಿಸಿ ಸರಾಸರಿ ತೆಗೆದರೆ ಬರುವ ಅಂಕಿಗೆ ಅರ್ಥವೇ ಇರದು. ಅಳತೆ ಮಾಡಿದವರು ಯಾರೂ ತಪ್ಪು ಮಾಡಿಲ್ಲ, ತಪ್ಪಾದದ್ದು ಹೆಸರಿನಲ್ಲಿ. ಕಾಸ್ ದಾಖಲೆಯಲ್ಲಿ ಬಿಳಿಯದಕ್ಕೆ 7758-98-7, ನೀಲಿಯದಕ್ಕೆ 7758-99-8 ಎಂಬ ಬೇರೆ ಬೇರೆ ಸಂಖ್ಯೆಗಳಿರುವುದು ಈ ಕಾರಣಕ್ಕೇ.

‘ಅಂಕಲ್’ ಎಂದರೆ ಯಾರು?

ಗುರುತು ಸಿಕ್ಕಿತು. ಅಷ್ಟೇ ಸಾಕಾಗುವುದಿಲ್ಲ, ನಂಟೂ ತಿಳಿಯಬೇಕು. ಇಂಗ್ಲಿಷಿನ ‘ಅಂಕಲ್’ ಕನ್ನಡದಲ್ಲಿ ದೊಡ್ಡಪ್ಪನೂ ಆಗಬಹುದು, ಚಿಕ್ಕಪ್ಪನೂ ಆಗಬಹುದು, ಸೋದರಮಾವನೂ ಆಗಬಹುದು. ‘ತಾಯಿಯ ಅಣ್ಣ ಅಥವಾ ತಮ್ಮ ಸೋದರಮಾವ’ ಎಂಬ ನಿಯಮವನ್ನು ಕಂಪ್ಯೂಟರಿಗೆ ಒಮ್ಮೆ ಹೇಳಿಕೊಟ್ಟರೆ, ಯಾರು ಯಾರ ಮಕ್ಕಳು ಎಂಬ ಪಟ್ಟಿಯೊಂದರಿಂದಲೇ ಅದು ಊರಿನ ಸೋದರಮಾವಂದಿರನ್ನೆಲ್ಲ ಹುಡುಕಿಕೊಟ್ಟೀತು.

ರಾಸಾಯನಿಕಗಳಿಗೂ ಇಂಥದೇ ವಂಶವೃಕ್ಷ ಸಿದ್ಧವಾಗಿದೆ. ಇಂಗ್ಲೆಂಡಿನ ಕೇಂಬ್ರಿಜ್ ಸಮೀಪದ ಹಿಂಕ್ಸ್‌ಟನ್‌ನಲ್ಲಿರುವ ಯುರೋಪಿಯನ್ ಜೈವಿಕ ಮಾಹಿತಿ ಸಂಸ್ಥೆ 2004ರಲ್ಲಿ ಹೊರತಂದ ‘ಚೆಬಿ’ ಎಂಬ ಪದಕೋಶ ಅದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಪ್ರತಿ ವಸ್ತುವಿಗೂ ಒಂದು ಸಂಖ್ಯೆ, ಒಂದು ವಿವರಣೆ, ಪರ್ಯಾಯ ಹೆಸರುಗಳು. ಜೊತೆಗೆ ಎರಡು ಬಗೆಯ ನಂಟು. ಇದು ಯಾವ ಕುಲಕ್ಕೆ ಸೇರಿದ್ದು ಎಂಬುದು ಒಂದು. ಇದು ಯಾವ ಕೆಲಸ ಮಾಡುತ್ತದೆ ಎಂಬುದು ಇನ್ನೊಂದು. ಎಥನಾಲ್ ಆಲ್ಕೊಹಾಲ್ ಕುಲಕ್ಕೆ ಸೇರಿದ್ದು. ಆಸ್ಪಿರಿನ್, ಪ್ಯಾರಾಸಿಟಮಾಲ್ ಎರಡೂ ರಚನೆಯಲ್ಲಿ ಬೇರೆ, ಕೆಲಸದಲ್ಲಿ ಜ್ವರನಿವಾರಕಗಳು.

ಇಂಥ ಮಾತುಗಳನ್ನು ಯಂತ್ರಕ್ಕೆ ತಿಳಿಯುವಂತೆ ಬರೆಯುವ ಕ್ರಮ ವ್ಯಾಕರಣದ ಪಾಠದಂತೆಯೇ ಇದೆ. ಕರ್ತೃ, ನಂಟು, ಕರ್ಮ ಎಂಬ ಮೂರು ಪದಗಳ ಪುಟ್ಟ ವಾಕ್ಯ. ‘ಪ್ಯಾರಾಸಿಟಮಾಲ್ – ಕೆಲಸ – ಜ್ವರನಿವಾರಕ’. ವರ್ಲ್ಡ್ ವೈಡ್ ವೆಬ್ಬಿನ ಜನಕ ಟಿಮ್ ಬರ್ನರ್ಸ್-ಲೀ ಈ ಬಗೆಯ ‘ಅರ್ಥ ಬಲ್ಲ ಜಾಲ’ದ ಕನಸನ್ನು 2001ರಲ್ಲಿ ಮುಂದಿಟ್ಟರು. ಅದಕ್ಕೂ ಮೊದಲೇ, 1990ರ ದಶಕದಲ್ಲಿ, ಬ್ರಿಟನ್ನಿನ ಪೀಟರ್ ಮರ್ರೆ-ರಸ್ಟ್ ಮತ್ತು ಹೆನ್ರಿ ಜೆಪಾ ರಾಸಾಯನಿಕ ಮಾಹಿತಿಗೆಂದೇ ಒಂದು ಗುರುತುಭಾಷೆಯನ್ನು ಕಟ್ಟಲು ತೊಡಗಿದ್ದರು. ಪದಗಳು ಎಲ್ಲ ಕಡೆ ಒಂದೇ ಆಗಿದ್ದರೆ, ಒಂದು ದೇಶದ ಪಟ್ಟಿಯ ವಾಕ್ಯ ಇನ್ನೊಂದು ದೇಶದ ಪಟ್ಟಿಯ ವಾಕ್ಯಕ್ಕೆ ತಾನಾಗಿ ಕೊಂಡಿ ಹಾಕಿಕೊಳ್ಳುತ್ತದೆ.

ಜ್ವರದ ಮಾತ್ರೆಯ ಎರಡು ಹೆಸರು

ಇದು ವಿಜ್ಞಾನಿಗಳ ಕೋಣೆಯ ವಿಚಾರ, ಮನೆಗೇನು ಸಂಬಂಧ ಎಂದು ಹಿರಿಯರು ಕೇಳಬಹುದು. ಮನೆಯ ಔಷಧದ ಡಬ್ಬಿ ತೆರೆದರೆ ಸಂಬಂಧ ಕಾಣುತ್ತದೆ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸಿಟಮಿನೊಫೆನ್. ಎರಡು ಹೆಸರುಗಳೂ ಒಂದೇ ಉದ್ದ ಹೆಸರಿನಿಂದ ಬೇರೆ ಬೇರೆ ಚೂರುಗಳನ್ನು ಆರಿಸಿ ಮಾಡಿದವು. ಇದನ್ನು ಅತಿಯಾಗಿ ತೆಗೆದುಕೊಂಡರೆ ಯಕೃತ್ತಿಗೆ ತೀವ್ರ ಹಾನಿ, ಜೀವಕ್ಕೂ ಅಪಾಯ. ಈ ಹಾನಿಯ ಬಗ್ಗೆ ಹುಡುಕುವ ಕಂಪ್ಯೂಟರು ಒಂದೇ ಹೆಸರನ್ನು ಬಲ್ಲದಾದರೆ ಇನ್ನೊಂದು ಹೆಸರಿನಡಿ ಇರುವ ಅನುಭವವೆಲ್ಲ ಅದರ ಕಣ್ಣಿಗೆ ಬೀಳದು. ಚೆಬಿಯಲ್ಲಿ ಎರಡೂ ಹೆಸರು 46195 ಎಂಬ ಒಂದೇ ಸಂಖ್ಯೆಯಡಿ ಇವೆ.

ಮನೆಯಲ್ಲಿ ಆಗುವ ತಪ್ಪೂ ಇದೇ ಜಾತಿಯದು. ಜ್ವರಕ್ಕೊಂದು ಮಾತ್ರೆ, ನೆಗಡಿಗೆ ಇನ್ನೊಂದು, ಮೈಕೈ ನೋವಿಗೆ ಮತ್ತೊಂದು. ಮೂರರ ವ್ಯಾಪಾರಿ ಹೆಸರೂ ಬೇರೆ. ಸಣ್ಣ ಅಕ್ಷರ ಓದಿದರೆ ಮೂರರಲ್ಲೂ ಪ್ಯಾರಾಸಿಟಮಾಲ್ ಇರಬಹುದು. ಆರೋಗ್ಯವಂತ ವಯಸ್ಕರಿಗೂ 24 ಗಂಟೆಗಳಲ್ಲಿ 4 ಗ್ರಾಂ ಮೀರಬಾರದು ಎಂಬುದು ಸಾಮಾನ್ಯ ಮಿತಿ. ಮಕ್ಕಳಿಗೆ ತೂಕ ನೋಡಿ ವೈದ್ಯರೇ ಹೇಳಬೇಕು. ಆದ್ದರಿಂದ ದೊಡ್ಡ ಅಕ್ಷರದ ಹೆಸರಿನ ಜೊತೆ ಮೂಲ ಔಷಧದ ಹೆಸರನ್ನೂ ಓದುವ ಅಭ್ಯಾಸ ತಂದೆತಾಯಿಗಳಿಗೆ ಇರಬೇಕು.

ವಿಶ್ವ ಆರೋಗ್ಯ ಸಂಸ್ಥೆ 1953ರಿಂದ ಔಷಧಗಳ ಅಂತರರಾಷ್ಟ್ರೀಯ ಹೆಸರುಗಳ ಪಟ್ಟಿ ಪ್ರಕಟಿಸುತ್ತ ಬಂದಿದೆ. ಅದರಲ್ಲಿ ಹೆಸರಿನ ಬಾಲವೇ ಕುಲ ಹೇಳುತ್ತದೆ. ಅಜ್ಜ ಅಜ್ಜಿಯರು ನುಂಗುವ ಅಟೆನೊಲಾಲ್, ಮೆಟೊಪ್ರೊಲಾಲ್ ಎರಡರ ಕೊನೆಯಲ್ಲೂ ‘ಒಲಾಲ್’ ಇದೆ. ಎರಡೂ ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ತಗ್ಗಿಸುವ ಬೀಟಾ ತಡೆಗಳು.

ಯಂತ್ರ ಅನುಮಾನ ಪಡುವುದಿಲ್ಲ

ಹಾಗೆಂದು ಪದಕೋಶ ಮಾಡಿಟ್ಟರೆ ಎಲ್ಲವೂ ಮುಗಿಯಿತು ಎನ್ನುವಂತಿಲ್ಲ. ಬೋರ್ಡೋ ದ್ರಾವಣ, ಪೆಟ್ರೋಲ್, ಹಾಲು ಇವೆಲ್ಲ ಮಿಶ್ರಣಗಳು. ಒಂದೇ ಅಣುವಿನ ರಚನೆ ಇಲ್ಲದ್ದರಿಂದ ಅವಕ್ಕೆ ಒಂದೇ ಬೆರಳಚ್ಚು ಹೊಂದುವುದಿಲ್ಲ. ಇನ್ನೊಂದು ಕಷ್ಟ ದೊಡ್ಡದು. ನೀಲಿ ಹರಳಿನ ಮಾಹಿತಿಯನ್ನು ಯಾರೋ ಬಿಳಿ ಪುಡಿಯ ಸಂಖ್ಯೆಗೆ ಅಂಟಿಸಿದರೆ ಕಂಪ್ಯೂಟರು ‘ಇದು ಸರಿಯೇ?’ ಎಂದು ಕೇಳದು. ಆ ತಪ್ಪನ್ನು ನಿಷ್ಠೆಯಿಂದ ನೂರು ಕಡೆ ನಕಲು ಮಾಡುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2004ರಲ್ಲಿ ಆರಂಭಿಸಿದ ‘ಪಬ್‌ಕೆಮ್’ ಎಂಬ ಉಚಿತ ಭಂಡಾರದಲ್ಲಿ 11 ಕೋಟಿಗೂ ಹೆಚ್ಚು ಸಂಯುಕ್ತಗಳಿವೆ. ನೂರಾರು ಮೂಲಗಳು ಕಳಿಸಿದ್ದನ್ನು ಅದು ಕಳಿಸಿದ ರೂಪದಲ್ಲೇ ಒಂದು ಕಡೆ, ಪರಿಶೀಲಿಸಿ ಒಂದುಗೂಡಿಸಿದ್ದನ್ನು ಇನ್ನೊಂದು ಕಡೆ ಇಡುತ್ತದೆ. ತಪ್ಪು ಎಲ್ಲಿಂದ ಬಂತೆಂದು ಹಿಂದಕ್ಕೆ ಹೋಗಿ ನೋಡಲು ಇದರಿಂದ ಸಾಧ್ಯ. ಚೆಬಿಯಲ್ಲಿ ತಜ್ಞರು ಕುಳಿತು ನಮೂದುಗಳನ್ನು ಒಂದೊಂದಾಗಿ ತಿದ್ದುತ್ತಾರೆ. ಹೆಸರು ಮಾಡದ, ಆದರೆ ತಾಳ್ಮೆ ಬೇಡುವ ಕೆಲಸ ಅದು.

ಮನೆಯಲ್ಲೇ ಒಂದು ಪಟ್ಟಿ

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಮಕ್ಕಳು ಮೊದಲ ತಿಂಗಳಲ್ಲೇ ಕಂಗಾಲಾಗುವುದುಂಟು. ಸಾರಜನಕ ಎಂದು ಕಲಿತದ್ದು ಅಲ್ಲಿ ನೈಟ್ರೋಜನ್, ಪಾದರಸ ಮರ್ಕ್ಯುರಿ, ಗಂಧಕ ಸಲ್ಫರ್. ತನಗೆ ಏನೂ ಬರುವುದಿಲ್ಲ ಎಂದು ಮಗು ಅಳುತ್ತದೆ, ತಪ್ಪು ಮಾಧ್ಯಮಕ್ಕೆ ಸೇರಿಸಿದೆವೇನೋ ಎಂದು ತಾಯಿತಂದೆ ಕೊರಗುತ್ತಾರೆ. ಆ ಮಗುವಿಗೆ ವಿಷಯ ಗೊತ್ತಿದೆ. ಎರಡು ಪಟ್ಟಿಗಳ ನಡುವಿನ ಕೊಂಡಿ ಮಾತ್ರ ಇಲ್ಲ. ಜಗತ್ತಿನ ದೊಡ್ಡ ದೊಡ್ಡ ಭಂಡಾರಗಳು ಕೋಟಿಗಟ್ಟಲೆ ವಸ್ತುಗಳಿಗೆ ಹಾಕುತ್ತಿರುವ ಕೊಂಡಿಯನ್ನು ಮಗು ನೂರಿನ್ನೂರು ಪದಗಳಿಗೆ ಹಾಕಿಕೊಂಡರೆ ಸಾಕು.

ಇದಕ್ಕೆ ಒಂದು ನೋಟುಪುಸ್ತಕ ಬೇಕು. ಹಾಳೆಯಲ್ಲಿ ಐದು ಕಂಬಸಾಲು: ಮನೆಯ ಹೆಸರು, ಇಂಗ್ಲಿಷ್ ಪುಸ್ತಕದ ಹೆಸರು, ಸೂತ್ರ, ಕಾಸ್ ಸಂಖ್ಯೆ, ಕುಲ ಅಥವಾ ಕೆಲಸ. ಅಡುಗೆ ಸೋಡ, ವಾಷಿಂಗ್ ಸೋಡ, ಸುಣ್ಣ, ಮೈಲುತುತ್ತ, ಪಟಿಕ, ನವಸಾಗರ ಇವುಗಳಿಂದ ತೊಡಗಬಹುದು. ಸಂಖ್ಯೆಗಳನ್ನು ಪಬ್‌ಕೆಮ್‌ನಲ್ಲಿ ನೋಡಿ ಬರೆದು, ಕೊನೆಯ ಅಂಕಿಯ ಲೆಕ್ಕದಿಂದ ಪರೀಕ್ಷಿಸಬೇಕು. ಅಂತರಜಾಲದ ವಿಕಿಡೇಟಾ ಎಂಬ ಸಾರ್ವಜನಿಕ ಭಂಡಾರ ಮಾಡುತ್ತಿರುವುದೂ ಇದನ್ನೇ. ಅಲ್ಲಿ ನೀರಿಗೆ ಕ್ಯೂ283 ಎಂಬ ಗುರುತು. ಅದರಡಿ ಜಗತ್ತಿನ ಹಲವು ಭಾಷೆಗಳ ಹೆಸರುಗಳ ಜೊತೆ ಕನ್ನಡದ ‘ನೀರು’ ಕೂಡ ಇದೆ.

ಮೈಲುತುತ್ತಕ್ಕೆ ‘ಮೈಲುತುತ್ತ’ ಎಂಬ ಹೆಸರು ಬಿಡಬೇಕಾಗಿಲ್ಲ. ಅಪ್ಪನ ಮಾತೂ ಪುಸ್ತಕದ ಮಾತೂ ಒಂದೇ ಸಾಲಿನಲ್ಲಿ ಬಂದು ನಿಲ್ಲಬೇಕು, ನೀಲಿ ಯಾವುದು ಬಿಳಿ ಯಾವುದು ಎಂಬುದನ್ನು ಮರೆಯದೆ ಬರೆಯಬೇಕು. ಈ ಮಳೆಗಾಲಕ್ಕೆ ಮುನ್ನ ತೋಟದ ಮನೆಯ ಹುಡುಗರು ಚೀಲದ ಮೇಲಿನ ಚೀಟಿಯನ್ನು ಅಪ್ಪನ ಜೊತೆ ಕುಳಿತು ಒಮ್ಮೆ ಪೂರ್ತಿ ಓದಲಿ.